ಬೀನ್ಸ್ ಇಲ್ಲದ ಡಬ್ಬಿ ಚಿಲ್ಲಿಗಾಗಿ ನಡೆದ ಹೋರಾಟ

ಬೇರೆಯವರ ಮನೆಯಲ್ಲಿ ಅಡುಗೆ ಕೆಟ್ಟರೆ ಗಂಡ ಹೆಂಡತಿ ಜಗಳವಾಡಿ ಸುಮ್ಮನಾಗುತ್ತಾರೆ. ಅಂಕೋಲೆ ಹತ್ತಿರದ ಕೇಣಿ ಊರಿನ ನಮ್ಮ ಮನೆಯಲ್ಲಿ ಅದು ಬೀದಿಗೆ ಬರುತ್ತದೆ, ಪೇಟೆಗೆ ಹೋಗುತ್ತದೆ, ಪೊಲೀಸರ ತನಕ ಮುಟ್ಟುತ್ತದೆ. ಎಷ್ಟು ತಡೆದರೂ ನಿಲ್ಲುವುದಿಲ್ಲ. ಕಾರಣ ನಾನೇ ಎಂದು ನನ್ನ ಅಣ್ಣ ಹೇಳುತ್ತಾನೆ. ಅವನ ಮಾತು ನಂಬಬೇಡಿ.

ನಾನು ಮೀನು ಮಾರುವ ಹೆಂಗಸರ ಪರವಾಗಿ ಕೂಗುವವಳು. ಏಳನೇ ಇಯತ್ತೆಗೆ ಶಾಲೆ ಬಿಡಿಸಿದರು. ಆಮೇಲೆ ಮೀನು ಕಟ್ಟಲು ತಂದ ಹಳೇ ಪೇಪರು ಓದಿ ಓದಿ ಕಾನೂನು ಕಲಿತೆ. ಕಾರವಾರದ ಕಚೇರಿಗಳಲ್ಲಿ ನನ್ನನ್ನು ಕಂಡರೆ ಸಾಹೇಬರಿಗೆ ತಟ್ಟನೆ ಊಟದ ಹೊತ್ತು ನೆನಪಾಗುತ್ತದೆ. ಎಷ್ಟೋ ಧರಣಿ ಮಾಡಿದ್ದೇನೆ, ಎಷ್ಟೋ ಸಲ ಪೊಲೀಸ್ ವ್ಯಾನು ಹತ್ತಿದ್ದೇನೆ. ಆದರೆ ನಾನು ನೋಡಿದ ಹೋರಾಟಗಳಲ್ಲೆಲ್ಲ ಗಟ್ಟಿಯಾದದ್ದು ನಡೆದದ್ದು ನನ್ನ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಒಲೆಯ ಮುಂದೆ. ಮೊಬೈಲು ಕೊಂಡವರು ಸಿಗ್ನಲ್ಲಿಗಾಗಿ ಗುಡ್ಡ ಹತ್ತುತ್ತಿದ್ದ ಕಾಲ ಅದು.

ಮಾತು ಕೊಟ್ಟದ್ದು

ಅಣ್ಣ ಪರದೇಶದ ಸರಕು ಹಡಗಿನ ಇಂಜಿನ್ನಿಗೆ ಎಣ್ಣೆ ಹಾಕುವ ಕೆಲಸದಲ್ಲಿದ್ದ. ಒಮ್ಮೆ ಹೋದರೆ ವರ್ಷ ತಿರುಗಿದ ಮೇಲೆಯೇ ಬರುವುದು. ಇಬ್ಬರು ಮಕ್ಕಳು ಹುಟ್ಟುವಾಗಲೂ ಅವನು ನೀರಿನ ಮೇಲೆ. ಈ ಸಲ ಬಂದವನನ್ನು ಮತ್ತೆ ಕಳಿಸುವುದಿಲ್ಲ ಎಂದು ವೈನಿ ಮನಸ್ಸಿನಲ್ಲೇ ಗಟ್ಟಿ ಮಾಡಿದ್ದಳು. ಆದರೆ ಹಡಗಿಗೆ ಆಳು ಕಳಿಸುವ ಮಾಜಾಳಿಯ ಏಜೆಂಟನೊಬ್ಬ ವಾರಕ್ಕೊಮ್ಮೆ ಫೋನು ಮಾಡಿ, "ಹಡಗು ರೆಡಿ ಉಂಟು, ಬರ್ತ್ಯಾ?" ಎಂದು ಕೇಳುತ್ತಿದ್ದ. ಫೋನು ಇಟ್ಟ ಮೇಲೆ ಅಣ್ಣ ಜಗಲಿಯ ಮೇಲೆ ಕೂತು, ಬಲೆ ಕಳಕೊಂಡವನ ಹಾಗೆ ಉಸಿರು ಬಿಡುತ್ತಿದ್ದ.

ಒಂದು ದಿನ ವೈನಿ ಕೇಳಿಯೇ ಬಿಟ್ಟಳು. "ಮನೇಲಿ ಎಂತ ಕಡಿಮೆ ಆಗಿದೆ ನಿಮಗೆ?"

"ಕಡಿಮೆ ಎಂತದ್ದೂ ಇಲ್ಲ. ಆ ಡಬ್ಬಿ ಚಿಲ್ಲಿ ಒಂದು ಸಿಗೂದಿಲ್ಲ, ಅಷ್ಟೆ."

ಹಡಗಿನಲ್ಲಿ ಡಬ್ಬಿಯಲ್ಲಿ ಬರುವ ಪದಾರ್ಥವಂತೆ. ಹೆಸರು ಚಿಲ್ಲಿ, ಖಾರ ಮಾತ್ರ ಇಲ್ಲ. ಪುಡಿ ಮಾಡಿದ ಮಾಂಸ, ಕೆಂಪು ರಸ. ಬೀನ್ಸ್ ಹಾಕಿದ್ದು ಒಂದು ಜಾತಿ, ಬೀನ್ಸ್ ಇಲ್ಲದ್ದು ಇನ್ನೊಂದು. ಅಣ್ಣನಿಗೆ ಬೀನ್ಸ್ ಇಲ್ಲದ್ದೇ ಆಗಬೇಕು. "ಅದು ಮನೇಲೇ ಸಿಕ್ಕಿದ್ರೆ ನಾ ಯಾಕೆ ಹಡಗು ಹತ್ತಲಿ?" ಎಂದ.

ನೆಲದ ಮೇಲೆ ಕೂತು ಬೇಜಾರಾಗಿದೆ ಎಂದು ನೇರ ಹೇಳುವ ಧೈರ್ಯ ಇಲ್ಲದ ಗಂಡಸು ಡಬ್ಬಿಯ ಮೇಲೆ ತಪ್ಪು ಹಾಕುತ್ತಾನೆ. ನನಗೆ ಸಿಟ್ಟು ನೆತ್ತಿಗೇರಿತು.

"ಎಂತ ಹೇಳ್ದೆ? ಇನ್ನೊಮ್ಮೆ ಹೇಳು. ಬಾಗಿಲಲ್ಲಿ ಸಾಕ್ಷಿ ಇದ್ದಾರೆ."

ಬಾಗಿಲಲ್ಲಿ ನನ್ನನ್ನು ಕರೆಯಲು ಬಂದ ಮೀನಿನ ಹೆಂಗಸರು ಬುಟ್ಟಿ ಇಳಿಸಿ ನಿಂತಿದ್ದರು. ಅವರು ತಲೆ ಅಲ್ಲಾಡಿಸಿದರು.

"ಏ ಲೀಡರ್, ನಾ ತಮಾಷೆಗೆ ಹೇಳಿದ್ದು," ಎಂದ ಅಣ್ಣ.

"ಮಂತ್ರಿಗಳೂ ತಮಾಷೆಗೇ ಹೇಳ್ತಾರೆ."

"ಅವರನ್ನ ಎಂತ ಮಾಡ್ದೆ ನೀನು?"

"ಎಂತ ಮಾಡ್ಲಿಕ್ಕೂ ಆಗ್ಲಿಲ್ಲ. ಆದ್ರೆ ನೀನು ಮಂತ್ರಿ ಅಲ್ಲ."

ಮೊದಲ ಪಾತ್ರೆ

ವೈನಿ ಆ ಡಬ್ಬಿಯನ್ನು ಕಂಡವಳಲ್ಲ, ತಿಂದವಳಲ್ಲ. ಗಂಡನನ್ನು ಕೇಳಿ ತಿಳಿದುಕೊಳ್ಳಲು ಹೋದಳು.

"ಹೆಂಗಿರ್ತದೆ ಅದು?"

"ಕೆಂಪಗೆ."

"ಮತ್ತೆ?"

"ಮೆತ್ತಗೆ."

"ಮತ್ತೆ?"

"ಡಬ್ಬಿಲಿ ಇರ್ತದೆ."

ಇಷ್ಟೇ ತಿಳಿವಳಿಕೆಯ ಮೇಲೆ ವೈನಿ ಕೆಲಸ ಶುರುಮಾಡಿದಳು. ಊರ ಕೋಳಿಯನ್ನು ಕೊಚ್ಚಿ ಕೊಚ್ಚಿ ಪುಡಿ ಮಾಡಿದಳು. ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ ಹುರಿದಳು. ಕಾಯಿತುರಿಯನ್ನು ಕೆಂಪಗೆ ಹುರಿದು ಕಲ್ಲಿನ ಮೇಲೆ ಬೆಣ್ಣೆಯ ಹಾಗೆ ಅರೆದಳು. ಬೀನ್ಸ್ ಒಂದು ಹಾಕಲಿಲ್ಲ, ಉಳಿದದ್ದೆಲ್ಲ ಹಾಕಿದಳು. ಪರಿಮಳಕ್ಕೆ ಆಚೆಮನೆಯ ನಾಯಿ ನಮ್ಮ ಮೆಟ್ಟಿಲಿಗೆ ಬಂದು ಮಲಗಿತು.

ಅಣ್ಣ ಉಣ್ಣಲು ಕೂತ. ಅನ್ನ ಹಾಕಿಸಿಕೊಂಡ, ಮತ್ತೆ ಹಾಕಿಸಿಕೊಂಡ, ಬೆರಳು ನೆಕ್ಕಿದ, ಪಾತ್ರೆಯ ತಳಕ್ಕೆ ಅನ್ನ ಹಾಕಿ ಬಳಿದು ತಿಂದ. ಕೈ ತೊಳೆದು ಬಂದು, "ಇದಲ್ಲ" ಎಂದ.

ವೈನಿಯ ಮುಖ ಸಣ್ಣದಾಯಿತು. "ಎಂತ ಹೆಚ್ಚಾಯ್ತು?"

"ರುಚಿ."

ಮದುವೆಯಾದಂದಿನಿಂದ ಅಣ್ಣ ವೈನಿಯ ಅಡುಗೆಯನ್ನು ಹೊಗಳಿದ್ದು ಅದೇ ಮೊದಲು. ಅದೂ ದೂರು ಕೊಡುವಾಗ.

ಕೊನೆಯ ಡಬ್ಬಿ

ಅಣ್ಣನ ಟ್ರಂಕಿನಲ್ಲಿ ಒಂದೇ ಒಂದು ಡಬ್ಬಿ ಉಳಿದಿತ್ತು. ದೇವರ ಪ್ರಸಾದದ ಹಾಗೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ. ಮಾದರಿ ತೋರಿಸದೆ ಪರೀಕ್ಷೆ ಮಾಡುವುದು ಅನ್ಯಾಯ ಎಂದು ನಾನು ಟ್ರಂಕಿನ ಮುಂದೆಯೇ ಕೂತೆ. ಸಂಜೆಯೊಳಗೆ ಡಬ್ಬಿ ಹೊರಗೆ ಬಂತು.

ನಮ್ಮ ತಾಯಿ, ಆಯಿ, ಮೊದಲು ಕೇಳಿದ್ದು, "ಎಂತದ್ದರ ಮಾಂಸ ಅದು?" ಎಂದು. ಡಬ್ಬಿಯ ಮೇಲೆ ದೊಡ್ಡ ಕೋಳಿಯ ಚಿತ್ರ ಇತ್ತು. ಟರ್ಕಿ ಕೋಳಿ ಅಂತ ಅಣ್ಣ ಹೇಳಿದ. ಆಯಿಗೆ ಸಮಾಧಾನವಾಯಿತು. ಬಳಚಿನ ಚಿಪ್ಪು ಒಡೆಯುವ ಕತ್ತಿಯಿಂದ ಮುಚ್ಚಳ ಕೊರೆದು ತಟ್ಟೆಗೆ ಬೋರಲು ಹಾಕಿದೆವು. ಬೀಳಲಿಲ್ಲ. ತಳಕ್ಕೆ ಹೊಡೆದೆವು. ಆಗ ಸೊರ್ ಎಂದು ಇಳಿದು, ಡಬ್ಬಿಯ ಆಕಾರದಲ್ಲೇ ತಟ್ಟೆಯ ಮೇಲೆ ನಿಂತುಕೊಂಡಿತು. ಡಬ್ಬಿಯ ಗೆರೆಗಳೂ ಮೈಮೇಲೆ ಮೂಡಿದ್ದವು.

"ಅಯ್ಯಯ್ಯೋ, ಇದಕ್ಕೆ ಸೊಂಟಪಟ್ಟಿ ಬೇರೆ ಉಂಟು!" ಎಂದಳು ಆಯಿ.

ಬಿಸಿ ಮಾಡಿ ಎಲ್ಲರೂ ಚೂರು ಚೂರು ತಿಂದೆವು. ನನಗೆ ಹಸಿ ಹಿಟ್ಟು, ಹುಳಿ, ಸಕ್ಕರೆ, ಜೀರಿಗೆ, ಅದರ ಹಿಂದಿನಿಂದ ಎಲ್ಲೋ ಒಂದು ಕಬ್ಬಿಣ, ಇಷ್ಟು ಸಿಕ್ಕಿತು. ಅಣ್ಣ ಕಣ್ಣು ಮುಚ್ಚಿ ಸ್ವರ್ಗದಲ್ಲಿದ್ದ. ವೈನಿ ಬಹಳ ಹೊತ್ತು ನಾಲಿಗೆಯ ಮೇಲೆ ಇಟ್ಟುಕೊಂಡು, ನುಂಗಿ, ನನ್ನನ್ನು ಬದಿಗೆ ಕರೆದಳು.

"ತಂಗಿ, ಇದರಲ್ಲಿ ಯಾರ ಕೈಯೂ ಇಲ್ಲ. ಹುರಿದೋರಿಲ್ಲ, ಅರೆದೋರಿಲ್ಲ, ಉಪ್ಪು ನೋಡಿದೋರಿಲ್ಲ. ಇದನ್ನ ಮಾಡೂದು ಕಷ್ಟ ಅಲ್ಲ ಮಾರಾಯ್ತಿ. ಕೈ ಕಟ್ಟಿಕೊಂಡು ಕೂರೂದು ಕಷ್ಟ."

ತಟ್ಟೆಯ ತುದಿಯಲ್ಲಿ ಉಳಿದದ್ದನ್ನು ಆಯಿ ಅಂಗಳದಲ್ಲಿ ಬೆಕ್ಕಿಗೆ ಹಾಕಿದಳು. ಕೇಣಿಯ ಬೆಕ್ಕು ಅದು, ಕೊಳೆತ ಬಂಗಡೆಯನ್ನೂ ಬಿಟ್ಟದ್ದಲ್ಲ. ಮೂಸಿ ನೋಡಿತು. ನಮ್ಮ ಮುಖ ನೋಡಿತು. ಆಮೇಲೆ ಮುಂಗಾಲಿನಿಂದ ಸುತ್ತಲೂ ಮಣ್ಣು ಕೆದರಿ ಅದನ್ನು ಮರ್ಯಾದೆಯಿಂದ ಮುಚ್ಚಿತು.

ರುಚಿ ಇಲ್ಲದ ಕೋಳಿ

ಊರ ಕೋಳಿ ಇದಕ್ಕೆ ಆಗುವುದಿಲ್ಲ ಎಂದು ತೀರ್ಮಾನವಾಯಿತು. ನಾನೂ ವೈನಿಯೂ ಅಂಕೋಲೆಯ ಪೇಟೆಗೆ ಹೋದೆವು. ಎದುರುಬದುರು ಎರಡು ಕೋಳಿ ಅಂಗಡಿ. ಮೊದಲನೆಯವನ ಹತ್ತಿರ ವೈನಿ ಸಾವಕಾಶ ಕೇಳಿದಳು. "ಅಣ್ಣಾ, ಎಲ್ಲಕ್ಕಿಂತ ರುಚಿ ಕಡಿಮೆ ಇದ್ದ ಕೋಳಿ ಯಾವುದು ನಿಮ್ಮಲ್ಲಿ?"

ಅವನ ಕತ್ತಿ ಅರ್ಧಕ್ಕೆ ನಿಂತಿತು. ವೈನಿಯನ್ನು ನೋಡಿದ, ಹಿಂದೆ ನಿಂತ ನನ್ನನ್ನು ನೋಡಿದ. "ಏನಕ್ಕಾ, ನಮ್ಮ ಮೇಲೂ ಚಳವಳಿಯಾ?"

"ಇಲ್ಲ ಮಾರಾಯಾ. ಎಷ್ಟು ಬೇಯಿಸಿದ್ರೂ ರುಚಿ ಬರಬಾರದು, ಅಂಥಾದ್ದು ಬೇಕು," ಎಂದೆ ನಾನು.

"ನನ್ನ ಅಂಗಡಿಲಿ ಅಂಥಾ ಮಾಲು ಇಟ್ಟದ್ದೇ ಇಲ್ಲ. ಅದು ಬೇಕಾದ್ರೆ ಎದುರಿಗೆ ಹೋಗಿ."

ಎದುರಿಗೆ ಹೋದೆವು. ಯಾರು ಕಳಿಸಿದ್ದು ಎಂದು ಅವನು ಕೇಳಿದ. ವೈನಿಗೆ ಕಪಟ ಗೊತ್ತಿಲ್ಲ. "ಅವರೇ ಕಳಿಸಿದ್ದು. ರುಚಿ ಇಲ್ಲದ ಕೋಳಿ ನಿಮ್ಮಲ್ಲಿ ಸಿಗ್ತದಂತೆ."

ಆಮೇಲೆ ನಡೆದದ್ದನ್ನು ಕೇಳಬೇಡಿ. ಇಬ್ಬರೂ ಕತ್ತಿ ಹಿಡಿದೇ ರಸ್ತೆಗೆ ಇಳಿದರು. "ನಿನ್ನ ಕೋಳಿ ಸತ್ತ ಮೇಲೂ ಕುಂಟ್ತದೆ!" ಎಂದು ಒಬ್ಬ, "ನಿನ್ನ ಕೋಳಿಗೆ ನಿನ್ನ ಮುಖ ನೋಡಿಯೇ ಜೀವ ಹೋಗ್ತದೆ!" ಎಂದು ಇನ್ನೊಬ್ಬ. ಬಸ್ಸು ನಿಂತಿತು. ಕಂಡಕ್ಟರನೂ ಇಳಿದು ನೋಡಿದ. ಜೀವಮಾನವಿಡೀ ರಸ್ತೆ ತಡೆದ ನಾನು ಅಂದು ಮೊದಲ ಬಾರಿಗೆ ರಸ್ತೆ ತೆರವು ಮಾಡಿಸಿದೆ.

ಕೊನೆಗೆ ಯಾರ ಕೋಳಿ ರುಚಿ ಎಂದು ಊರಿಗೇ ತೋರಿಸುತ್ತೇವೆ ಎಂದು ಹಟ ಹಿಡಿದು, ಇಬ್ಬರೂ ಒಂದೊಂದು ಒಳ್ಳೇ ಕೋಳಿ ಆರಿಸಿ ಪುಕ್ಕಟೆ ಕೊಟ್ಟು ಕಳಿಸಿದರು. ಎರಡೂ ಬಹಳ ರುಚಿಯಾಗಿದ್ದವು. ಮತ್ತೆ ಫೇಲು.

ಒಗ್ಗರಣೆ ನಿಂತ ಮನೆ

ಈಗ ವೈನಿ ಹಟಕ್ಕೆ ಬಿದ್ದಳು. ಹುರಿಯುವುದು ಬಂದ್. ಅರೆಯುವುದು ಬಂದ್. ಎಣ್ಣೆ ಬಂದ್. ಅಗ್ಗದ ಬ್ರಾಯ್ಲರ್ ಕೋಳಿಯನ್ನು ನುಣ್ಣಗೆ ಕೊಚ್ಚಿ ಬರೀ ನೀರಿನಲ್ಲಿ ಬೇಯಿಸುವುದು. ಟೊಮೆಟೊ ಬೇಯಿಸಿ ಸೋಸುವುದು. ಜೀರಿಗೆ ಪುಡಿ, ಒಂದು ಚಿಟಿಕೆ ಮೆಣಸಿನ ಪುಡಿ, ಸಕ್ಕರೆ, ವಿನೆಗರ್. ಕೊನೆಗೆ ಕಾರ್ನ್‌ಫ್ಲೋರ್ ಕದಡಿ ಹಾಕಿ ಅಂಟು ಬರಿಸುವುದು. ಕಾರ್ನ್‌ಫ್ಲೋರು, ವಿನೆಗರು ಮಲ್ಲಾಪುರದಿಂದ ತರಿಸಿದ್ದು. ಅಲ್ಲಿ ಅಣುಸ್ಥಾವರದ ಕ್ವಾರ್ಟರ್ಸಿನಲ್ಲಿ ಎಲ್ಲಾ ಸೀಮೆಯ ಜನ ಇರುವುದರಿಂದ ಅಂಗಡಿಯಲ್ಲಿ ಎಲ್ಲಾ ಸೀಮೆಯ ಪುಡಿ ಸಿಗುತ್ತದೆ. ಆಯಿಯ ಕೈ ಕಾಯಿ ತುರಿಯಲು ತುರಿಸುತ್ತದೆ ಎಂದು ಅವಳನ್ನು ಹಿತ್ತಲಿಗೆ ಒಣಮೀನು ಕಾಯಲು ಕಳಿಸಿ ಬಾಗಿಲು ಹಾಕಿಕೊಂಡಳು.

ಒಂದು ಮಾತು ಹೇಳಬೇಕು. ನಮ್ಮ ಕೇರಿಯಲ್ಲಿ ಮಧ್ಯಾಹ್ನವಾದರೆ ಮನೆ ಮನೆಯಿಂದ ಚುಂಯ್ ಎಂದು ಒಗ್ಗರಣೆಯ ಸದ್ದು ಬರುತ್ತದೆ. ಯಾರ ಮನೆಯಲ್ಲಿ ಸದ್ದಿಲ್ಲವೋ ಅಲ್ಲಿ ಸೂತಕ ಎಂದು ಅರ್ಥ. ಸಾವಿನ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ನಮ್ಮ ಮನೆಯಿಂದ ಮೂರ್ನಾಲ್ಕು ದಿನ ಸದ್ದಿಲ್ಲ, ವಾಸನೆಯಿಲ್ಲ, ಬಾಗಿಲು ಹಾಕಿದೆ. ಅಣ್ಣ ಸೊಂಟ ಹಿಡಿದುಕೊಂಡು ಒಳಗೇ ಬಿದ್ದಿದ್ದರಿಂದ ಅವನೂ ಯಾರ ಕಣ್ಣಿಗೂ ಬಿದ್ದಿಲ್ಲ.

ನಾನು ಪೇಟೆಯಿಂದ ಬಂದಾಗ ಮೆಟ್ಟಿಲ ಮೇಲೆ ಚಪ್ಪಲಿಯ ರಾಶಿ. ಒಳಗೆ ಕೇರಿಯ ಹೆಂಗಸರು ಗೋಡೆಗೆ ಒರಗಿ, ಸೆರಗು ಬಾಯಿಗೆ ಇಟ್ಟು ಕೂತಿದ್ದಾರೆ. ಎದುರಿಗೆ ಪಾತ್ರೆ ತುಂಬ ಗಂಜಿ. ನಡುವೆ ವೈನಿ, ಅವಳ ಕಣ್ಣೂ ಒದ್ದೆ. ಯಾಕೆಂದರೆ ಅಂದಿನ ಚಿಲ್ಲಿ ಗಂಟು ಕಟ್ಟಿತ್ತು.

ಹಿರಿಯಳೊಬ್ಬಳು ಬೆನ್ನು ಸವರಿದಳು. "ಹೋಯ್ತಲ್ಲೇ ತಂಗೀ. ಎಂತ ಮಾಡೂಕಾಗ್ತದೆ?"

"ಕೊನೇತನಕ ಕೈ ಬಿಡ್ಲಿಲ್ಲ ನಾನು," ಎಂದಳು ವೈನಿ.

"ಗೊತ್ತುಂಟು, ಗೊತ್ತುಂಟು. ಯಾವಾಗ ಆಯ್ತು?"

"ಈಗಷ್ಟೇ. ಒಳಗೆ ತಣ್ಣಗಾಗ್ತಾ ಉಂಟು."

ಅಷ್ಟೇ ಸಾಕಾಯಿತು. ಎಲ್ಲರೂ ಒಟ್ಟಿಗೆ ಗೊಳೋ ಎಂದು ಎತ್ತಿಕೊಂಡರು. ಅದೇ ಹೊತ್ತಿಗೆ ಬಚ್ಚಲ ಬಾಗಿಲು ತೆರೆದು ಅಣ್ಣ ಟವೆಲು ಸುತ್ತಿಕೊಂಡು, ತಲೆಯಿಂದ ನೀರು ಸುರಿಸುತ್ತಾ, "ಯಾರು ಹೋದ್ರು?" ಎಂದು ಗಾಬರಿಯಿಂದ ಬಂದ.

ಅಳು ನಿಂತಿತು. ಹಿರಿಯಳು ಅವನನ್ನು ಮೇಲಿನಿಂದ ಕೆಳಗೆ ನೋಡಿ, ಬಹಳ ಬೇಸರದಿಂದ, "ನೀನಲ್ವಾ?" ಎಂದಳು.

ಸಾವಿನ ಮನೆಗೆ ತಂದ ಗಂಜಿಯನ್ನು ವಾಪಸು ಒಯ್ಯಬಾರದು. ಅಣ್ಣ ತನ್ನ ಸಾವಿಗೆ ಬಂದ ಗಂಜಿಯನ್ನು ಮಾವಿನ ಉಪ್ಪಿನಕಾಯಿ ಕಚ್ಚಿಕೊಂಡು ತಾನೇ ಕುಡಿದ. ಕುಡಿದು, "ಅಡ್ಡಿಲ್ಲ" ಎಂದ.

ಪೆಂಡಾಲಿನಲ್ಲಿ

ಆ ದಿನಗಳಲ್ಲೇ ಕಾರವಾರದಲ್ಲಿ ನಮ್ಮ ಸರದಿ ಉಪವಾಸ ನಡೆಯುತ್ತಿತ್ತು. ಮೀನು ಮಾರುವ ಜಾಗಕ್ಕೆ ಒಂದು ಮಾಡು, ತಲೆ ಮೇಲೊಂದು ಸೂರು ಹಾಕಿಸಿ ಎಂಬುದು ಬೇಡಿಕೆ. ಮಳೆಯಲ್ಲಿ ಮೀನಿಗಿಂತ ಮೊದಲು ಮಾರುವವಳು ನೆನೆಯುತ್ತಾಳೆ. ಎಸಿ ಕೋಣೆಯಲ್ಲಿ ಕೂತವರಿಗೆ ಇದು ಅರ್ಥವಾಗಲು ಎಷ್ಟು ವರ್ಷ ಬೇಕು? ಅಂದು ಉಪವಾಸದ ಸರದಿ ನನ್ನದು. ಉಳಿದ ಹೆಂಗಸರು ಹಿಂದೆ ಕೂತಿದ್ದರು.

ವೈನಿ ಅಂಕೋಲೆಯಿಂದ ಬಸ್ಸು ಹಿಡಿದು ಟಿಫಿನ್ ಕ್ಯಾರಿಯರ್ ಸಮೇತ ಪೆಂಡಾಲಿಗೆ ಬಂದಿಳಿದಳು.

"ತಂಗಿ, ಒಂದು ಚಮಚ. ಸರಿ ಬಂದ ಹಾಗೆ ಉಂಟು. ನಾಲಿಗೆ ಮೇಲೆ ಇಟ್ಟು ಹೇಳು ಸಾಕು."

"ವೈನಿ, ನಾ ಉಪವಾಸ ಕೂತದ್ದು! ಪೇಪರಿನವ ಅಲ್ಲೇ ಕ್ಯಾಮೆರಾ ಹಿಡಕೊಂಡು ನಿಂತಿದ್ದಾನೆ!"

"ಇದು ತಿಂದ ಲೆಕ್ಕ ಅಲ್ಲ. ಇದಕ್ಕೆ ಊಟ ಅಂತ ಯಾರೂ ಹೇಳೂದಿಲ್ಲ."

ನಾನು ಬಾಯಿ ಬಿಗಿದೆ. ವೈನಿ ಬಂದೋಬಸ್ತಿಗೆ ನಿಂತ ಪೊಲೀಸಿನವನ ಕಡೆ ತಿರುಗಿದಳು. ಪಾಪ, ಬೆಳಿಗ್ಗೆಯಿಂದ ನಿಂತವನು. ಆಸೆಯಿಂದ ಒಂದು ಚಮಚ ಬಾಯಿಗೆ ಹಾಕಿಕೊಂಡ. ಅವನ ಮುಖ ನಿಧಾನಕ್ಕೆ ಬೇರೆಯವರ ಮುಖವಾಯಿತು.

"ಹೆಂಗುಂಟು?"

ಒಳ್ಳೇ ಮನುಷ್ಯ, ನೋಯಿಸುವ ಮನಸ್ಸಿಲ್ಲ. "ಬಿಸಿ ಉಂಟು."

"ಮತ್ತೆ? ಖರೆ ಹೇಳಿ."

"ನಮ್ಮ ಅಪ್ಪ ಆಸ್ಪತ್ರೆಲಿ ಇದ್ದಾಗ ಮೂಗಿನ ನಳಿಗೆಲಿ ಹಾಕ್ತಿದ್ರಲ್ಲ, ಆ ನಮೂನೆ."

ವೈನಿ ಕುಣಿದುಬಿಟ್ಟಳು. ಉಪವಾಸ ಇಲ್ಲದ ಹೆಂಗಸರೆಲ್ಲ ಕ್ಯಾರಿಯರಿಗೆ ಮುತ್ತಿದರು. "ಥೂ, ಗೋಡೆಗೆ ಅಂಟಿಸೂ ಗೋಂದು!" ಎಂದು ಒಬ್ಬಳು. "ಇದರಕಿಂತ ಉಪವಾಸ ಬೇಕು, ನನ್ನ ಹೆಸರು ಬರೀರಿ!" ಎಂದು ಇನ್ನೊಬ್ಬಳು. ಒಂದೊಂದು ಬೈಗಳಿಗೂ ವೈನಿ ಚಪ್ಪಾಳೆ ತಟ್ಟಿ ನಗುತ್ತಿದ್ದಳು. ಅವಳು ನಕ್ಕದ್ದಕ್ಕೆ ಎಲ್ಲರೂ ನಕ್ಕು, ಕೊನೆಗೆ "ವೈನಿಗೆ ಜಯವಾಗಲಿ!" ಎಂಬ ಘೋಷಣೆ ಎದ್ದಿತು.

ಎದುರಿನ ಕಚೇರಿಯ ಮಹಡಿಯ ಕಿಟಕಿ ತೆರೆಯಿತು. ಎಷ್ಟು ದಿನ ಕೂಗಿದರೂ ತೆರೆಯದ ಕಿಟಕಿ. ಸಾಹೇಬರು ಇಣುಕಿ ಕೆಳಗಿನ ಸಂಭ್ರಮ ನೋಡಿ, ಬೆಪ್ಪಾಗಿ, ಒಳಗಿನ ಗುಮಾಸ್ತರಿಗೆ ಕೂಗಿ ಹೇಳಿದ್ದು ನಮಗೂ ಕೇಳಿಸಿತು: "ರೀ, ಇವರ ಬೇಡಿಕೆ ಯಾರ್ರೀ ಮಂಜೂರು ಮಾಡಿದ್ದು? ನನ್ನ ಸಹಿ ಇಲ್ಲದೆ?"

ಏಜೆಂಟ ಬಂದ

ಫೋನಿನಲ್ಲಿ ಕೆಲಸ ಆಗದೆ ಮಾಜಾಳಿಯ ಏಜೆಂಟ ಮೋಟಾರ್ ಸೈಕಲ್ ಹತ್ತಿ ತಾನೇ ಕೇಣಿಗೆ ಬಂದ. ಇಸ್ತ್ರಿ ಹಾಕಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಒಂದು ಕಾಲಕ್ಕೆ ತಾನೂ ಹಡಗಿನಲ್ಲಿ ಇದ್ದವನು, ಈಗ ಗೋವೆಗೆ ಓಡಾಡಿ ಬೇರೆಯವರ ಗಂಡಂದಿರನ್ನು ಹಡಗು ಹತ್ತಿಸುವವನು. ನಾನು ಬಾಗಿಲಲ್ಲೇ ಹಿಡಿದೆ.

"ಮನೆ ಒಡೆಯೂಕೆ ಬಂದ್ರಾ? ನಿಮ್ಮ ಹೆಂಡತಿನ ಕೇಳಿ ಬಂದ್ರಾ?"

"ಬಾಯೀ, ನಾನು ಒಂದು ಮಾತು ಕೇಳಿ ಹೋಗ್ತೆ, ಅಷ್ಟೆ."

"ಮಾತಿಗಿಂತ ಮೊದಲು ತಿಂಡಿ," ಎಂದಳು ವೈನಿ. ಹಿಂದಿನ ದಿನ ಮಾಡಿಟ್ಟ ಚಿಲ್ಲಿಯನ್ನು ಬಿಸಿ ಮಾಡಿ, ಪಾವು ಬ್ರೆಡ್ಡಿನ ಜೊತೆ ಏಜೆಂಟನಿಗೂ ಅಣ್ಣನಿಗೂ ಬಡಿಸಿದಳು. ಅಂದೇ ಉತ್ತರ ಆಗಬೇಕಾಗಿತ್ತು. ಅಣ್ಣ ಏಜೆಂಟನಿಗೆ ಹೂಂ ಅಂದರೆ ಮತ್ತೆ ಒಂದು ವರ್ಷ ಅವಳು ಒಬ್ಬಳೇ.

ಏಜೆಂಟ ಒಂದು ತುತ್ತು ತಿಂದ. ಅಗಿಯುವುದು ನಿಲ್ಲಿಸಿದ.

"ವೈನೀ, ಇನ್ನೂ ಎಷ್ಟು ಡಬ್ಬಿ ಉಳಿದಿದೆ ನಿಮ್ಮಲ್ಲಿ?"

"ಡಬ್ಬಿ ಇಲ್ಲ. ಪಾತ್ರೆಲಿ ಉಂಟು. ಹಾಕ್ಲಾ?"

ಅವನು ನಂಬಲಿಲ್ಲ. ಎದ್ದು ಅಡುಗೆಮನೆಗೆ ನುಗ್ಗಿ ಒಲೆಯ ಸಂದಿ, ಅಕ್ಕಿ ಡಬ್ಬದ ಹಿಂದೆ, ಕೊನೆಗೆ ಹಿತ್ತಲ ತಿಪ್ಪೆಯ ತನಕ ಹುಡುಕಿ ಬಂದ. ಬಂದು ಕೂತು ತಟ್ಟೆ ಮುಂದಕ್ಕೆ ಚಾಚಿದ.

ಎಲ್ಲರೂ ಅಣ್ಣನನ್ನು ನೋಡಿದೆವು. ಅಣ್ಣ ತಲೆ ಎತ್ತುತ್ತಿಲ್ಲ.

"ಹೇಳು," ಎಂದೆ ನಾನು.

"ಹೂಂ."

"ಹೂಂ ಅಂದ್ರೆ ಎಂತ? ದೊಡ್ಡಕೆ ಹೇಳು."

"ಅದೇ ಮಾರಾಯ್ತಿ, ಅದೇ! ಬೀನ್ಸ್ ಇಲ್ಲ, ರುಚಿ ಇಲ್ಲ, ಡಬ್ಬಿದೇ! ಸೋತೆ ನಾನು. ಇನ್ನು ಹಡಗು ಹತ್ತೂದಿಲ್ಲ. ದೇವರಾಣೆ, ಆಯಿ ಆಣೆ. ಸಾಕಾ?"

ಆಯಿ ದೇವರಿಗೆ ಕೈ ಮುಗಿದಳು. ನಾನು ಘೋಷಣೆ ಕೂಗಲು ಕೈ ಎತ್ತಿದೆ. ಏಜೆಂಟನಿಗೆ ಆಳು ತಪ್ಪಿದ ಬೇಸರ ಚೂರೂ ಇದ್ದ ಹಾಗೆ ಕಾಣಲಿಲ್ಲ. ಪಾವಿನಿಂದ ತಟ್ಟೆ ಒರೆಸುತ್ತಾ ಏನೋ ಯೋಚಿಸುತ್ತಿದ್ದ.

"ವೈನೀ, ಒಂದು ಮಾತು ಕೇಳ್ಲಾ? ಪ್ರಯಾಣಿಕರ ಹಡಗಿಗೆ ಈಗ ಹೆಂಗಸರನ್ನೂ ತಗೊಳ್ತಾರೆ. ಅಡುಗೆಗೆ ನಿಂತ ಗಂಡಸರೆಲ್ಲ ಬಂದರು ಕಂಡಲ್ಲಿ ಓಡಿ ಹೋಗ್ತಾರೆ. ಆ ಪರದೇಶದವರು ತಿನ್ನೂ ಸಪ್ಪೆ, ನಮ್ಮ ಜನಕ್ಕೆ ಎಷ್ಟು ಕಲಿಸಿದ್ರೂ ಕೈಗೆ ಬರೂದಿಲ್ಲ. ನಿಮ್ಮ ಕೈಗೆ ಬಂದಿದೆ. ನೀವು ಬರ್ತೀರಾ?"

ಅಣ್ಣ ಜೋರಾಗಿ ನಕ್ಕ. ಅವನ ಜೊತೆ ಯಾರೂ ನಗಲಿಲ್ಲ.

ವೈನಿ ಕೇಳಿದಳು. "ಅಲ್ಲಿ ಪಾತ್ರೆ ತೊಳೆಯೂದು ಯಾರು?"

"ಅದಕ್ಕೆ ಬೇರೆ ಜನ ಇದ್ದಾರೆ."

"ಮೀನು ಕೊಯ್ಯೂದು?"

"ಅದಕ್ಕೂ ಬೇರೆ ಜನ."

"ಊರು ನೋಡೂಕೆ ಬಿಡ್ತಾರಾ?"

"ಬಂದರಿಗೊಂದು ಊರು."

ವೈನಿ ಸೆರಗಿಗೆ ಕೈ ಒರೆಸಿಕೊಂಡು ನಿಧಾನಕ್ಕೆ ಕೂತಳು. ಅಣ್ಣನ ನಗು ಎಲ್ಲಿ ಹೋಯಿತೋ, ಪಾವು ಕೈಯಲ್ಲೇ ಇಟ್ಟುಕೊಂಡು ಎದ್ದು ನಿಂತ.

"ಏ, ಏ! ಎಂತ ಮಾತಾಡ್ತಿದ್ದೀರಿ ನೀವು? ಇವಳು ಹೋದ್ರೆ ಮನೆ ನೋಡೂದು ಯಾರು? ಮಕ್ಕಳನ್ನ ಶಾಲೆಗೆ ಕಳಿಸೂದು ಯಾರು? ಆಯಿಗೆ ಮದ್ದು ಕೊಡೂದು ಯಾರು? ಬಾವಿ ನೀರು ಸೇದೂದು ಯಾರು?"

ವೈನಿ ಅವನನ್ನು ಪ್ರೀತಿಯಿಂದ ನೋಡಿದಳು.

"ನೀವಿದ್ದೀರಲ್ಲ. ಇನ್ನು ಹಡಗು ಹತ್ತೂದಿಲ್ಲ ಅಂತ ಈಗಷ್ಟೇ ಆಣೆ ಹಾಕಿದ್ರಿ."